ಸೂರ್ಯಕಾಂತಿ ಬೀಜ: ಪೋಷಣೆ, ಬಳಕೆ ಮತ್ತು ಬೇಡಿಕೆ

ಸೂರ್ಯಕಾಂತಿ ಎಂದೊಡನೆ ನಮ್ಮ ನೆನಪಿಗೆ ಬರುವುದು ಅಡುಗೆಯ ಎಣ್ಣೆ. ಆ ಎಣ್ಣೆಗೆ ಮೂಲವಾದ ಬೀಜವೂ ಸ್ವತಃ ಒಂದು ಉತ್ತಮ ಆಹಾರವೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಈ ಸಸ್ಯವನ್ನು ಬೆಳೆದು, ಬೀಜವನ್ನು ಹಿಟ್ಟು ಮಾಡಿ ಉಣ್ಣುತ್ತಿದ್ದರು. 16ನೆಯ ಶತಮಾನದಲ್ಲಿ ಯುರೋಪಿಗೆ ಬಂದ ಇದು ಮುಂದೆ ರಷ್ಯಾದಲ್ಲಿ ಎಣ್ಣೆಬೆಳೆಯಾಗಿ ವಿಕಾಸಗೊಂಡಿತು. ಅಲ್ಲಿನ ತಳಿಗಳ ಮೂಲಕವೇ 1970ರ ಆಸುಪಾಸಿನಲ್ಲಿ ನಮ್ಮ ದೇಶದ ಹೊಲಗಳಲ್ಲಿ ನೆಲೆಗೊಂಡಿತು.

ಸಿಪ್ಪೆ ತೆಗೆದ 100 ಗ್ರಾಂ ಬೀಜದಲ್ಲಿ ಸುಮಾರು 20 ಗ್ರಾಂ ಪ್ರೋಟೀನು, 50 ಗ್ರಾಂ ಕೊಬ್ಬು, 8 ಗ್ರಾಂ ನಾರು ಹಾಗೂ 580 ಕ್ಯಾಲೊರಿ ಶಕ್ತಿ ಇರುತ್ತವೆ. ಜೀವಕೋಶಗಳನ್ನು ರಕ್ಷಿಸುವ ‘ಇ’ ಜೀವಸತ್ವ ಇದರಲ್ಲಿ ವಿಪುಲವಾಗಿದೆ. 30 ಗ್ರಾಂ ಬೀಜದಿಂದ ವಯಸ್ಕರಿಗೆ ದಿನಕ್ಕೆ ಬೇಕಾದುದರ ಅರ್ಧಕ್ಕಿಂತ ಹೆಚ್ಚು ಅಂಶ ದೊರೆಯುತ್ತದೆ. ಮೆಗ್ನೀಷಿಯಂ, ಸೆಲೆನಿಯಂಗಳೂ ಇವೆ. ಎಣ್ಣೆ ತೆಗೆದಾಗ ಪ್ರೋಟೀನು, ನಾರು, ಖನಿಜಗಳು ಹಿಂಡಿಯಲ್ಲಿಯೇ ಉಳಿಯುತ್ತವೆ. ಆದ್ದರಿಂದ ಇಡಿಯ ಬೀಜದ ಪ್ರಯೋಜನವನ್ನು ಎಣ್ಣೆಯೊಂದೇ ಕೊಡಲಾರದು.

ಬಳಸುವ ಕ್ರಮ ಸುಲಭ. ಸಿಪ್ಪೆ ತೆಗೆದ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿದರೆ ರೊಟ್ಟಿಗೆ ಒಪ್ಪುವ ಚಟ್ನಿಪುಡಿ ಸಿದ್ಧ. ಕೋಸಂಬರಿಗೂ ಉಂಡೆಗೂ ಸೇರಿಸಬಹುದು. ಆದರೆ ದಿನಕ್ಕೆ ಎರಡು ಚಮಚದ ಮಿತಿ ಇರಲಿ. ಅತಿಯಾದರೆ ತೂಕ ಹೆಚ್ಚೀತು. ಇದರಲ್ಲಿ ಒಮೆಗಾ-6 ಕೊಬ್ಬು ಅಧಿಕ, ಒಮೆಗಾ-3 ಅತ್ಯಲ್ಪ. ಆ ಕೊರತೆಯನ್ನು ನಮ್ಮ ಹಿರಿಯರು ಬಳಸುತ್ತಿದ್ದ ಅಗಸೆಯ ಚಟ್ನಿ ತುಂಬುತ್ತದೆ. ಎರಡನ್ನೂ ಸರದಿಯಂತೆ ಬಳಸುವುದು ಲೇಸು.

ಒಂದು ಎಚ್ಚರಿಕೆ ಅತ್ಯವಶ್ಯ. ಬಿತ್ತನೆಗೆಂದು ಪೊಟ್ಟಣಗಳಲ್ಲಿ ಮಾರುವ ಬೀಜಕ್ಕೆ ಶಿಲೀಂಧ್ರನಾಶಕ, ಕೀಟನಾಶಕಗಳನ್ನು ಲೇಪಿಸಿರುತ್ತಾರೆ. ಬಿತ್ತಿ ಉಳಿದುದನ್ನು ತೊಳೆದು ಹುರಿದರೂ ತಿನ್ನಬಾರದು. ಮಕ್ಕಳ ಕೈಗೂ ದನಕರುಗಳ ಬಾಯಿಗೂ ಸಿಗದಂತೆ ಇಡಬೇಕು. ಮುಗ್ಗಿದ, ಕಮಟು ವಾಸನೆಯ ಬೀಜವೂ ವರ್ಜ್ಯ.

ಇನ್ನು ಬೇಡಿಕೆಯ ವಿಚಾರ. ಕಪ್ಪು ಸಿಪ್ಪೆಯ ಬೀಜ ಎಣ್ಣೆಗೆ, ಪಟ್ಟೆಯುಳ್ಳ ದಪ್ಪ ಬೀಜ ತಿನ್ನಲು ಹೆಚ್ಚಾಗಿ ಬಳಕೆಯಾಗುತ್ತದೆ. ಬೇಕರಿ ತಿನಿಸು, ಹಕ್ಕಿಗಳ ಆಹಾರಗಳಿಗೂ ಬೀಜ ಬೇಕು. ಹಿಂಡಿ ದನಗಳಿಗೆ ಮೇವು. ಕೊಪ್ಪಳ, ಬಳ್ಳಾರಿ, ರಾಯಚೂರು, ಗದಗ, ಚಾಮರಾಜನಗರ ಮುಂತಾದೆಡೆ ಬೆಳೆ ಇರುವ ಕರ್ನಾಟಕವು ಸೂರ್ಯಕಾಂತಿಯಲ್ಲಿ ದೇಶದ ಪ್ರಮುಖ ರಾಜ್ಯ. ಆದರೂ ದೇಶ ಬಳಸುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಹೊರಗಿನಿಂದಲೇ ಬರುತ್ತದೆ. 2022ರಲ್ಲಿ ಯುಕ್ರೇನಿನಲ್ಲಿ ಯುದ್ಧ ಆರಂಭವಾದಾಗ ನಮ್ಮ ಅಡುಗೆಮನೆಯಲ್ಲಿ ಎಣ್ಣೆಯ ಬೆಲೆ ಏರಿದ್ದು ಇದರಿಂದಲೇ. ಇತ್ತ ರೋಗ, ಗಿಳಿಗಳ ಹಾವಳಿ, ಅಸ್ಥಿರ ದರಗಳಿಂದ ಬೇಸತ್ತ ರೈತರು ಬೇರೆ ಬೆಳೆಗಳತ್ತ ತಿರುಗಿ, 1990ರ ದಶಕದ ಬಿತ್ತನೆ ಪ್ರದೇಶ ಇಂದು ಬಹಳ ಕುಗ್ಗಿದೆ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 7,721 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಸುಗ್ಗಿಯಲ್ಲಿ ಖರೀದಿ ಕೇಂದ್ರಗಳು ಸಕಾಲಕ್ಕೆ ತೆರೆದರೆ ಮಾತ್ರ ಅದರ ಫಲ ಬೆಳೆದವನಿಗೆ ದಕ್ಕುತ್ತದೆ.

ಊರಿನ ಗಾಣದಲ್ಲಿ ತೆಗೆಸಿದ ಎಣ್ಣೆಯನ್ನೂ, ಪರಿಚಿತ ರೈತನ ಶುದ್ಧ ಬೀಜವನ್ನೂ ಕೊಳ್ಳುವುದು ನಮ್ಮಿಂದ ಆಗುವ ಕೆಲಸ. ಅದರಿಂದ ಉಣ್ಣುವವರ ಆರೋಗ್ಯಕ್ಕೂ ಬೆಳೆಯುವವರ ಬದುಕಿಗೂ ಹಿತವಾಗುತ್ತದೆ.