ಸ್ವಂತ ಬ್ಲಾಗನ್ನು ನಡೆಸುವ ಕ್ರಮ



ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕವನ್ನು ಸ್ಮರಿಸುವ ಶಿಲಾಶಾಸನವೊಂದಿದೆ. ಕೆತ್ತಿ ಐದು ನೂರು ವರ್ಷಗಳು ಕಳೆದರೂ ಅದನ್ನು ಇಂದಿಗೂ ಓದಬಹುದು. ಅಲ್ಲಿಂದ ತುಸು ದೂರ ನಡೆದರೆ ವಿಜಯನಗರದ ಕಾಲದ್ದೇ ಆದ ತುರ್ತು ಕಾಲುವೆಯು ಬಾಳೆಯ ತೋಟಗಳಿಗೆ ನೀರುಣ್ಣಿಸುತ್ತ ಹರಿಯುವದನ್ನು ಕಾಣುವಿರಿ. ಎರಡೂ ಉಳಿದಿವೆ; ಉಳಿದ ಬಗೆ ಮಾತ್ರ ಬೇರೆ. ಶಾಸನವನ್ನು ಒಮ್ಮೆ ಕೆತ್ತಿದರೆ ಸಾಕಾಯಿತು. ಕಾಲುವೆಯಾದರೋ ತಲೆತಲಾಂತರದ ಜನರು ಹೂಳೆತ್ತಿ, ದಂಡೆ ಕಟ್ಟಿ, ತೂಬುಗಳನ್ನು ತಿದ್ದುತ್ತ ಬಂದದ್ದರಿಂದಲೇ ಜೀವಿಸಿದೆ. ಅಂತರಜಾಲದಲ್ಲಿ ಬರೆದದ್ದು ಶಾಸನದಂತೆ ತಾನಾಗಿ ಉಳಿಯುವದೆಂದು ನಮ್ಮಲ್ಲಿ ಅನೇಕರು ನಂಬಿರುವರು. ಅದು ಕಾಲುವೆಯ ಜಾತಿಗೆ ಸೇರಿದ್ದೆಂದು ತೋರಿಸುವದೇ ಈ ಪಾಠದ ಉದ್ದೇಶವು.

1. ಸ್ವಂತದ್ದೇ ಯಾಕೆ?

ಬ್ಲಾಗೆಂದರೆ ತಾರೀಖಿನ ಕ್ರಮದಲ್ಲಿ, ಹೊಸದು ಮೊದಲಿಗೆ ಕಾಣುವಂತೆ, ಒಬ್ಬರು ತಮ್ಮ ಬರಹಗಳನ್ನು ಇರಿಸುವ ಜಾಲತಾಣವು. ಬರೆಯತಕ್ಕ ವಿಷಯಗಳಿಗೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಸಂಡೂರಿನ ಲಂಬಾಣಿ ಸೋದರಿಯರ ಕಸೂತಿಯಲ್ಲಿ ಯಾವ ಹೊಲಿಗೆಗೆ ಯಾವ ಹೆಸರು, ಕಂಪ್ಲಿಯ ಕಾಲುವೆ ಬಯಲಿನಲ್ಲಿ ಭತ್ತದ ನಾಟಿ ಮಾಡುವಾಗ ಹಿರಿಯರು ಆಡುವ ಮಾತುಗಳು ಯಾವವು, ಹೊಸಪೇಟೆಯ ಮನೆಗಳಲ್ಲಿ ಯಾವ ಹಬ್ಬಕ್ಕೆ ಯಾವ ಅಡಿಗೆ, ಇವೆಲ್ಲ ಪಠ್ಯಪುಸ್ತಕಗಳಲ್ಲಿ ದೊರೆಯುವ ಸಂಗತಿಗಳಲ್ಲ. ಬಲ್ಲವರು ಬರೆದಿಟ್ಟರೆ ಮಾತ್ರ ಉಳಿಯುವಂಥವು.

ಇವುಗಳನ್ನು ಅನ್ಯರ ತಾಣದಲ್ಲಿ ಬಿಟ್ಟಿಯಾಗಿ ಬರೆಯಬಹುದಲ್ಲಾ ಎಂದು ಕೇಳಬಹುದು. ಬರೆಯಬಹುದು, ಆದರೆ ಅದು ಬಾಡಿಗೆಯ ಮನೆಯು, ಬಿಡಿಸುವ ಅಧಿಕಾರವು ಒಡೆಯನದು. ಲಕ್ಷಾಂತರ ಜನರ ಪುಟಗಳಿದ್ದ ಜಿಯೋಸಿಟೀಸ್ ಎಂಬ ತಾಣವು 2009ರಲ್ಲಿಯೂ, ಗೂಗಲ್ ಪ್ಲಸ್ 2019ರಲ್ಲಿಯೂ ಮುಚ್ಚಿಹೋದವು. ಮುಂಚಿತವಾಗಿ ಪ್ರತಿ ತೆಗೆದಿಟ್ಟುಕೊಂಡವರು ಬದುಕಿದರು.

ಇದಕ್ಕೆ ನಮ್ಮ ಭಾಷೆಯಲ್ಲೇ ಒಂದು ಹಳೆಯ ದೃಷ್ಟಾಂತವುಂಟು. 1843ರಲ್ಲಿ ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು, ಕನ್ನಡದ ಮೊದಲ ವರ್ತಮಾನ ಪತ್ರಿಕೆಯು ಅದೇ. ಮರುವರ್ಷ ಅದರ ಮುದ್ರಣವು ನಮ್ಮ ಬಳ್ಳಾರಿಗೆ ಬಂದು, ಪತ್ರಿಕೆಗೆ ‘ಕನ್ನಡ ಸಮಾಚಾರ’ವೆಂದು ಹೆಸರಾಯಿತು. ಬರಹವು ಸಂಪಾದಕರ ಕೈಯಲ್ಲಿದ್ದದರಿಂದ ಅಚ್ಚುಕೂಟವನ್ನು ಬದಲಿಸುವದು ಸಾಧ್ಯವಾಯಿತು. ಬ್ಲಾಗಿಗೂ ಇದೇ ನಿಯಮವು.

2. ಬೇಕಾದ ಮೂರು ವಸ್ತುಗಳು

ಮೊದಲನೆಯದು ಹೆಸರು. ಡೊಮೈನೆಂಬ ಈ ವಿಳಾಸವನ್ನು ವರ್ಷಕ್ಕೆ ಕೆಲವು ನೂರರಿಂದ ಸಾವಿರ ಚಿಲ್ಲರೆ ರೂಪಾಯಿ ಕೊಟ್ಟು ಪಡೆಯಬಹುದು. ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂದು ಮುಗಿಯುವ ವಿಳಾಸಗಳೂ ಉಂಟು. ತಾಣವನ್ನು ಕಟ್ಟಿಕೊಟ್ಟವರ ಹೆಸರಿನಲ್ಲಲ್ಲ, ನಿಮ್ಮ ಹೆಸರಿನಲ್ಲಿಯೇ ಇದನ್ನು ದಾಖಲು ಮಾಡಿಸತಕ್ಕದ್ದು.

ಎರಡನೆಯದು ಕಡತಗಳು. 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಎಂಬ ತಂತ್ರಾಂಶವು ಬಹು ಪ್ರಸಿದ್ಧವಾದದ್ದು. ಬರೆಯುವದಕ್ಕೆ ಸುಲಭ, ಆದರೆ ಅದನ್ನು ಮೇಲಿಂದ ಮೇಲೆ ನವೀಕರಿಸದಿದ್ದರೆ ಕಳ್ಳರು ಒಳನುಗ್ಗುವರು. ಹ್ಯೂಗೋ ಮುಂತಾದವು ನಿಮ್ಮ ಬರಹವನ್ನು ಸಾದಾ ಪುಟಗಳನ್ನಾಗಿ ಮಾಡಿಕೊಡುವವು. ಕಲಿಯುವದು ತುಸು ಕಷ್ಟ, ಕಾಯುವದು ಸುಲಭ. ವಿರಾಮಕಾಲದಲ್ಲಿ ಮಾತ್ರ ಇದನ್ನು ಮಾಡುವವರಿಗೆ ಎರಡನೆಯದೇ ಲೇಸು.

ಮೂರನೆಯದು ಯಂತ್ರ, ಅಂದರೆ ಸರ್ವರ್. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಗಣಕಯಂತ್ರವನ್ನು ಮನೆಯಲ್ಲಿಯೇ ಹಗಲಿರುಳು ನಡೆಸಬಹುದು. ಸರಾಸರಿ 5 ವ್ಯಾಟ್ ವಿದ್ಯುತ್ತನ್ನು ಉಪಯೋಗಿಸಿದರೆ ತಿಂಗಳಿಗೆ 3.6 ಯೂನಿಟ್ ಮಾತ್ರ ಆಗುವದು. ಆದರೆ ನಮ್ಮ ದೇಶದ ಅನೇಕ ಮನೆಯ ಸಂಪರ್ಕಗಳಲ್ಲಿ ಹಲವು ಗಿರಾಕಿಗಳಿಗೆ ಒಂದೇ ಹೊರವಿಳಾಸವಿರುವದರಿಂದ ಹೊರಗಿನವರು ನಿಮ್ಮ ಯಂತ್ರವನ್ನು ನೇರವಾಗಿ ಮುಟ್ಟಲಾರರು. ಪ್ರತ್ಯೇಕ ಸ್ಥಿರ ವಿಳಾಸಕ್ಕೆ ಬೇರೆ ಹಣ ಕೊಡಬೇಕಾಗಬಹುದು. ಆಗ ಚಿಕ್ಕ ಸರ್ವರೊಂದನ್ನು ಬಾಡಿಗೆಗೆ ಪಡೆಯುವದರಲ್ಲಿ ದೋಷವಿಲ್ಲ. ಹೆಸರೂ ಕಡತಗಳೂ ನಿಮ್ಮವಾಗಿದ್ದರೆ, ಯಂತ್ರವು ಯಾರದಾದರೂ ಒಂದೇ ದಿನದಲ್ಲಿ ಗಂಟುಮೂಟೆ ಕಟ್ಟಿ ಹೊರಡಬಹುದು.

3. ಕನ್ನಡದಲ್ಲಿ ಬರೆಯುವಾಗ

1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೂ ಬಹುಕಾಲ ನಮ್ಮವರು ಬೇರೆಬೇರೆ ಫಾಂಟುಗಳಲ್ಲಿ, ಪರಸ್ಪರ ಹೊಂದದ ಸಂಕೇತಗಳಲ್ಲಿ ಬೆರಳಚ್ಚು ಮಾಡಿದರು. ಆ ಫಾಂಟಿಲ್ಲದ ಯಂತ್ರದಲ್ಲಿ ಅಂಥ ಬರಹವು ಅರ್ಥವಿಲ್ಲದ ಗುರುತುಗಳ ರಾಶಿಯಾಗಿ ಕಾಣುವದು. ನಿಮ್ಮಲ್ಲಿ ಹಳೆಯ ಕಡತಗಳಿದ್ದರೆ ಈಗಲೇ ಯೂನಿಕೋಡಿಗೆ ಪರಿವರ್ತಿಸಿರಿ. ಬರಹವನ್ನು ಚಿತ್ರವನ್ನಾಗಿ ಮಾಡಿ ಹಾಕಬೇಡಿರಿ. ಹುಡುಕುವವರಿಗೆ ಅದು ಸುಲಭವಾಗಿ ಸಿಕ್ಕದು, ಅಂಧರ ಓದುಯಂತ್ರಕ್ಕೂ ತಿಳಿಯದು.

ಇನ್ನೊಂದು ಎಚ್ಚರಿಕೆ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ಸ್ಥಳದ ಗುರುತು ಅಡಗಿರಬಹುದು. ಅದನ್ನು ಅಳಿಸಿ ಹಾಕಿರಿ. ಮನೆಯ ವಿಳಾಸವನ್ನು ಬರೆಯಬೇಡಿರಿ. ಕಸೂತಿ ಹಾಕುವವಳ ಚಿತ್ರವನ್ನಾಗಲಿ ಮಾತನ್ನಾಗಲಿ ಅವಳ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದು.

4. ಪಾಲನೆಯ ಕ್ರಮ

ವಾರಕ್ಕೊಮ್ಮೆ ತಂತ್ರಾಂಶಗಳನ್ನು ನವೀಕರಿಸಿರಿ. ತಾಣವು ತೆರೆಯುವದೋ ಎಂದು ಅನ್ಯರ ಫೋನಿನಲ್ಲಿ ನೋಡಿರಿ. ಓದುಗರ ಸುರಕ್ಷಿತತೆಗೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು 2015ರಿಂದ ಉಚಿತವಾಗಿ ಕೊಡುತ್ತ ಬಂದಿದೆ. ಅದರ ಅವಧಿಯು ಚಿಕ್ಕದಾದ್ದರಿಂದ ತಾನಾಗಿ ನವೀಕರಣವಾಗುವ ಏರ್ಪಾಡು ಇರಬೇಕು, ಆ ಏರ್ಪಾಡು ನಡೆಯುತ್ತಿದೆಯೋ ಎಂದು ತಿಂಗಳಿಗೊಮ್ಮೆ ನೋಡಬೇಕು. ಡೊಮೈನಿನ ಬಾಡಿಗೆ ತೀರುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿರಿ. ಗಡುವು ಮೀರಿದರೆ ನಿಮ್ಮ ಹೆಸರನ್ನು ಅಪರಿಚಿತನೊಬ್ಬನು ಕೊಂಡುಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ರತಿಗಳು. ಬಲ್ಲವರ ಸೂತ್ರವು ಹೀಗಿದೆ: ಪ್ರತಿಗಳು 3, ಅವು 2 ಬಗೆಯ ಸಾಧನಗಳಲ್ಲಿ, ಅವುಗಳೊಳಗೆ 1 ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ ಆ ಪ್ರತಿಯಿಂದ ತಾಣವನ್ನು ಪುನಃ ಕಟ್ಟಿ ನೋಡಿರಿ. ಕಟ್ಟಿ ನೋಡದ ಪ್ರತಿಯು ಬಿತ್ತಿ ನೋಡದ ಬೀಜದಂತೆ. ಮೊಳೆಯುವದೋ ಇಲ್ಲವೋ ಹೇಳಲಾಗದು.

5. ನನ್ನ ತಪ್ಪು

ಈ ಸೂತ್ರವನ್ನು ನಾನು ಕೆಟ್ಟು ಕಲಿತೆನು. ನನ್ನ ಬ್ಲಾಗು ಮನೆಯ ಚಿಕ್ಕ ಯಂತ್ರದಲ್ಲಿತ್ತು. ಪ್ರತಿಯನ್ನೂ ತೆಗೆಯುತ್ತಿದ್ದೆನು, ಆದರೆ ಅದೇ ಮೆಮೊರಿ ಕಾರ್ಡಿನ ಇನ್ನೊಂದು ಮೂಲೆಯಲ್ಲಿ. ಒಂದು ಮಳೆಗಾಲದ ರಾತ್ರಿ ಕರೆಂಟು ಹೋಗಿ ಬರುವಷ್ಟರಲ್ಲಿ ಕಾರ್ಡು ಕೆಟ್ಟು, ಎರಡು ವರ್ಷದ ಬರಹಗಳು ಹೋದವು. ಹಳೆಯ ಜಾಲಪುಟಗಳನ್ನು ಕೂಡಿಡುವ ವೇಬ್ಯಾಕ್ ಮೆಷಿನ್ನಿನಲ್ಲಿ ಕೆಲವು ಪುಟಗಳು ಸಿಕ್ಕಿದವು. ನನ್ನ ಅಜ್ಜಿಯು ಹೇಳಿ ಬರೆಸಿದ್ದ ನಾಟಿಯ ಮಾತುಗಳ ಪಟ್ಟಿಯು ಸಿಕ್ಕಲಿಲ್ಲ. ಪುನಃ ಕೇಳೋಣವೆಂದರೆ ಆಕೆ ಆಗಲೇ ತೀರಿಕೊಂಡಿದ್ದಳು.

2024ನೆಯ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು, ಗೇಟು ಕೊಚ್ಚಿಹೋದದ್ದು ನಿಮಗೆಲ್ಲರಿಗೂ ನೆನಪಿರುವದು. ಹರಿದುಹೋಗುವ ನೀರನ್ನು ತಡೆಯಲು ತಾತ್ಕಾಲಿಕ ಗೇಟನ್ನು ಇಳಿಸುವವರೆಗೆ ಮೂರು ರಾಜ್ಯಗಳ ರೈತರು ಉಸಿರು ಬಿಗಿಹಿಡಿದಿದ್ದರು. ಅಷ್ಟು ದೊಡ್ಡ ಕಟ್ಟೋಣದ ನೀರು ಒಂದು ಸರಪಳಿಯನ್ನು ನಂಬಿಕೊಂಡಿತ್ತು. ನಮ್ಮ ಚಿಕ್ಕ ಬ್ಲಾಗುಗಳಲ್ಲಿಯೂ ಅಂಥದೊಂದು ಸರಪಳಿ ಎಲ್ಲಿದೆ ಎಂದು ಹುಡುಕಿ ನೋಡುವದು ನಮ್ಮ ಕೆಲಸವು.

6. ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

(ಅ) ನಿಮ್ಮ ಬರಹಗಳು ಈಗ ಎಲ್ಲಿವೆ? ಆ ತಾಣವು ನಾಳೆ ಮುಚ್ಚಿದರೆ ನಿಮ್ಮ ಕೈಯಲ್ಲಿ ಏನು ಉಳಿಯುವದು?

(ಆ) ನಿಮ್ಮ ಪಾಸ್‌ವರ್ಡುಗಳೂ ಡೊಮೈನಿನ ದಾಖಲೆಯೂ ಎಲ್ಲಿವೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿದೆಯೇ?

(ಇ) ನಿಮ್ಮ ತಾಯಿಗೋ ಅಜ್ಜಿಗೋ ತಿಳಿದಿದ್ದು ನಿಮಗೆ ತಿಳಿಯದಿರುವ ಯಾವ ಸಂಗತಿಯನ್ನು ಈ ವಾರ ಕೇಳಿ ಬರೆಯುವಿರಿ?

ಮೂರನೆಯ ಪ್ರಶ್ನೆಯಿಂದಲೇ ಆರಂಭಿಸಿರಿ. ಯಂತ್ರವನ್ನು ಮುಂದಿನ ತಿಂಗಳಲ್ಲಿಯೂ ಕೊಳ್ಳಬಹುದು.