ಲ್ಯಾಪ್‌ಟಾಪ್ ಪಾಠಕ್ಕೆ ಹೊಲದ ಲೆಕ್ಕ ಬೇಕು

ನಾನು ಓದಿದ್ದು ಏಳನೇ ಕ್ಲಾಸು. ಮಳೆ ನಂಬಿ ಕೆಂಪು ನೆಲದಲ್ಲಿ ಶೇಂಗಾ, ತೊಗರಿ ಬೆಳೆಯೋನು. ಲ್ಯಾಪ್‌ಟಾಪಿನ ಮಾತು ಇವನಿಗ್ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ.

2023ರ ಮುಂಗಾರಿನಲ್ಲಿ ನಮ್ಮೂರ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು ಎಂಟನೇ ಕ್ಲಾಸಿನ ಬೇಸಾಯದ ಪಾಠಕ್ಕೆ ನನ್ನನ್ನೂ ಕರೆದರು. ಶಾಲೆಯ ಲ್ಯಾಪ್‌ಟಾಪ್ ಅಲ್ಲಿವರೆಗೆ ಬೀರುವಿನಲ್ಲೇ ಇತ್ತು. ಕೆಟ್ಟರೆ ಯಾರು ಹೊಣೆ, ಕರೆಂಟು ಹೋದರೆ ಏನು ಗತಿ ಅನ್ನೋ ಅಂಜಿಕೆ. ಅವತ್ತು ತೆಗೆದು ಕೂರಿಗೆ, ಹನಿ ನೀರಾವರಿ ಚಿತ್ರ ತೋರಿಸಿದರು. ಮಕ್ಕಳು ಖುಷಿಪಟ್ಟರು.

ನಾನು ಕೇಳಿದೆ: "ಮೊನ್ನೆ ಬಿದ್ದ ಮಳೆ ಬಿತ್ತನೆಗೆ ಸಾಕಾ?" ಯಾರೂ ಹೇಳಲಿಲ್ಲ. ನಿಜ ಹೇಳ್ತೀನಿ, ನನಗೂ ಗೊತ್ತಿರಲಿಲ್ಲ. ಅದೇ ಮಳೆ ನಂಬಿ ಒಂದೆಕರೆ ಶೇಂಗಾ ಬಿತ್ತಿ ಕೂತಿದ್ದೆ. ಕಾಲು ಭಾಗವೂ ಹುಟ್ಟಲಿಲ್ಲ. ಬೀಜದ ದುಡ್ಡು ಮಣ್ಣಿಗೆ ಹೋಯ್ತು.

ಆಮೇಲೆ ಮೇಷ್ಟ್ರು ಪಾಠದ ದಾರಿ ಬದಲಿಸಿದರು. ನೀವೂ ಮಾಡಬಹುದು, ಕ್ರಮ ಹೀಗಿದೆ:

1. ಬಾಯಿ, ತಳ ಒಂದೇ ಅಗಲ ಇರುವ ಡಬ್ಬವನ್ನು ಮರ, ಗೋಡೆಯಿಂದ ದೂರ ಬಯಲಲ್ಲಿ ಅಲುಗದಂತೆ ಇಡಿ.

2. ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲಿನಿಂದ ನೀರು ಅಳೆದು ಚೆಲ್ಲಿ. ಹವಾಮಾನ ಇಲಾಖೆ ಅಳೆಯೋದೂ ಆ ಹೊತ್ತಿಗೇ. 2.5 ಮಿ.ಮೀ. ಆದರೆ ಮಾತ್ರ ಅವರು ಅದನ್ನು ಮಳೆ ದಿನ ಅಂತಾರೆ.

3. ಮೊದಲು ಪುಸ್ತಕದಲ್ಲಿ ಬರೆಯಿರಿ, ಕರೆಂಟು ಬಂದಾಗ ಲ್ಯಾಪ್‌ಟಾಪಿಗೆ ಹಾಕಿ. ಅದು ತಿಂಗಳ ಮೊತ್ತ ಕೂಡಿ, ಗೆರೆ ಎಳೆದು ತೋರಿಸುತ್ತೆ.

4. ಮಳೆ ಆದ ಮಾರನೇ ದಿನ ಗುದ್ದಲಿಯಲ್ಲಿ ಅಗೆದು ಹಸಿ ಎಷ್ಟು ಇಳಿದಿದೆ ನೋಡಿ. ಅದನ್ನೂ ಪಕ್ಕದಲ್ಲೇ ಬರೆಯಿರಿ.

ಒಂದು ಎಕರೆಗೆ 1 ಮಿ.ಮೀ. ಮಳೆ ಅಂದರೆ ಸುಮಾರು 4,047 ಲೀಟರ್ ನೀರು. ಮುಂದಿನ ಮಳೆ 14 ಮಿ.ಮೀ. ಬಂತು. ಮಕ್ಕಳು ಗುಣಿಸಿದರು: 56,658 ಲೀಟರ್! ಇಷ್ಟೊಂದಾ ಅಂತ ಬೆರಗಾದರು. ಅಗೆದು ನೋಡಿದರೆ ಹಸಿ ಅರ್ಧ ಗೇಣೂ ಇಳಿದಿರಲಿಲ್ಲ. ಕೆಳಗೆಲ್ಲ ಒಣ ಮಣ್ಣು. ದೊಡ್ಡ ಅಂಕಿ ನೋಡಿ ಮೋಸ ಹೋಗಬಾರದು ಅಂತ ಅಲ್ಲೇ ತಿಳಿಯಿತು. ನಾನು ಕೂರಿಗೆ ಹೂಡದೆ ಕಾದೆ. ಇನ್ನೊಂದು ಮಳೆಯಾಗಿ ಹಸಿಗೆ ಹಸಿ ಕೂಡಿದ ಮೇಲೆ ಬಿತ್ತಿದೆ. ಸಾಲು ತುಂಬ ಹುಟ್ಟಿತು.

ಬೆಳೆ ಚೆನ್ನಾಗಿ ಬಂತು ಅಂತ ಹೇಳೋಲ್ಲ. ಆಗಸ್ಟ್ ಪೂರ್ತಿ ಒಣಗಿತು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಸಾರಿತು. ಯಾವ ಯಂತ್ರವೂ ಮಳೆ ತರಿಸೋಲ್ಲ. ಆದರೆ ಎರಡನೇ ಸಲ ಬೀಜ ಕಳೆದುಕೊಳ್ಳಲಿಲ್ಲ, ಅಷ್ಟು ಸಾಕು.

ಮೇಷ್ಟ್ರ ಅಂಜಿಕೆಯೂ ಹೋಯ್ತು. ಚಿತ್ರ ತೋರಿಸೋಕೆ ಮಾತ್ರ ಆದರೆ ಲ್ಯಾಪ್‌ಟಾಪ್ ಮತ್ತೆ ಬೀರು ಸೇರುತ್ತೆ. ಮಕ್ಕಳು ತಾವೇ ಅಳೆದ ಅಂಕಿ ಅದರೊಳಗಿದ್ದರೆ, ತೆಗೆಯಿರಿ ಸಾರ್ ಅಂತ ಅವರೇ ಕೇಳ್ತಾರೆ.

ರೈತ ಬಂಧುಗಳೇ, ನಿಮ್ಮೂರ ಶಾಲೆಗೆ ಒಮ್ಮೆ ಹೋಗಿ. ಡಬ್ಬ, ಗುದ್ದಲಿ ನಿಮ್ಮದಿರಲಿ.