ಗಾಳಿಪಟದ ತಂತಿಯೂ ರೇಡಿಯೋ ಗ್ರಾಹಕವೂ

1901ನೆಯ ಇಸವಿ ಡಿಸೆಂಬರ್ 12ರಂದು ನ್ಯೂಫೌಂಡ್‌ಲೆಂಡ್ ದ್ವೀಪದ ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ ಬಿರುಗಾಳಿ ಬೀಸುತ್ತಿತ್ತು. ಇಟಲಿಯ ಸಂಶೋಧಕ ಗುಗ್ಲಿಯೆಲ್ಮೊ ಮಾರ್ಕೋನಿಯು ಅಲ್ಲಿ ಗಾಳಿಪಟವೊಂದನ್ನು ಹಾರಿಸಿ, ಸುಮಾರು 150 ಮೀಟರ್ ಉದ್ದದ ತಂತಿಯನ್ನು ಆಕಾಶಕ್ಕೆ ಏರಿಸಿದ್ದನು. ಅಟ್ಲಾಂಟಿಕ್ ಸಾಗರದ ಆಚೆ, ಸುಮಾರು 3,400 ಕಿಲೋಮೀಟರ್ ದೂರದಲ್ಲಿರುವ ಇಂಗ್ಲೆಂಡಿನ ಪೋಲ್ಡು ಎಂಬಲ್ಲಿಂದ ಅವನ ಸಹಾಯಕರು ಮೋರ್ಸ್ ಸಂಕೇತದ ಮೂರು ಚುಕ್ಕೆಗಳನ್ನು ಮತ್ತೆ ಮತ್ತೆ ಕಳುಹಿಸುತ್ತಿದ್ದರು. ಆ ಕ್ಷೀಣವಾದ ಅಲೆಯು ತಂತಿಯನ್ನು ಮುಟ್ಟಿದರಷ್ಟೇ ಸಾಲದು. ತಂತಿಯಿಂದ ಗ್ರಾಹಕಯಂತ್ರಕ್ಕೂ ಇಳಿದು ಬರಬೇಕಾಗಿತ್ತು. ತೊಡಕು ಎದುರಾದದ್ದು ಅಲ್ಲಿಯೇ.

ಉಯ್ಯಾಲೆಯನ್ನು ಅದರ ಲಯವರಿತು ತಳ್ಳಿದರೆ ಮಗುವಿನ ಕೈಯೂ ಅದನ್ನು ಎತ್ತರಕ್ಕೆ ತೂಗಬಲ್ಲುದು. ಲಯ ತಪ್ಪಿದರೆ ಬಲಶಾಲಿಯ ಶ್ರಮವೂ ವ್ಯರ್ಥ. ತಂತಿ, ಸುರುಳಿ ಮತ್ತು ಕಂಡೆನ್ಸರುಗಳು ಕೂಡಿದ ಮಂಡಲಕ್ಕೂ ಇಂಥ ಸಹಜ ಲಯವೊಂದುಂಟು. ಬರುವ ಅಲೆಯ ಆವೃತ್ತಿಗೆ ಅದನ್ನು ಸರಿಹೊಂದಿಸುವುದನ್ನೇ ಶ್ರುತಿಗೂಡಿಸುವುದು ಎನ್ನುವರು. ಮಾರ್ಕೋನಿಯ ಬಳಿ ಶ್ರುತಿಗೂಡಿಸಬಲ್ಲ ಗ್ರಾಹಕವಿತ್ತು. ಆದರೆ ಗಾಳಿಪಟವು ಏರಿಳಿದಂತೆಲ್ಲ ತಂತಿಯ ವಿದ್ಯುತ್ ಧಾರಣೆಯು ಬದಲಾಗುತ್ತಿತ್ತು. ಕೂಡಿಸಿದ ಶ್ರುತಿಯು ಮರುಗಳಿಗೆಯೇ ತಪ್ಪುತ್ತಿತ್ತು.

ಕೊನೆಗೆ ಅವನು ಆ ಗ್ರಾಹಕವನ್ನು ಬದಿಗಿರಿಸಿ, ಪಾದರಸದ ಶೋಧಕವನ್ನೂ ಕಿವಿಗೊತ್ತಿಕೊಳ್ಳುವ ಟೆಲಿಫೋನನ್ನೂ ಉಳ್ಳ, ಶ್ರುತಿಯಿಲ್ಲದ ಸರಳ ಗ್ರಾಹಕವನ್ನು ಬಳಸಿದನು. ಕಬ್ಬಿಣ ಮತ್ತು ಪಾದರಸದ ಇಂಥ ಶೋಧಕವನ್ನು ನಮ್ಮ ದೇಶದ ಜಗದೀಶಚಂದ್ರ ಬೋಸರು 1899ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ್ದರು. ಮಧ್ಯಾಹ್ನ 12-30ರ ಸುಮಾರಿಗೆ ಮೂರು ಚುಕ್ಕೆಗಳು ಕೇಳಿಸಿದುವೆಂದು ಮಾರ್ಕೋನಿಯು ಸಾರಿದನು. ಸಹಾಯಕನಾದ ಜಾರ್ಜ್ ಕೆಂಪ್ ಎಂಬವನೂ ಅದನ್ನು ಸಮರ್ಥಿಸಿದನು. ಆದರೆ ಇಬ್ಬರ ಕಿವಿಗಳ ಹೊರತು ಬೇರೆ ಸಾಕ್ಷ್ಯವಿರಲಿಲ್ಲ. ಹಲವರು ಅದನ್ನು ನಂಬಲಿಲ್ಲ. ಆ ಸಂದೇಹವು ಇಂದಿಗೂ ಪೂರ್ಣವಾಗಿ ಅಳಿದಿಲ್ಲ.

1902ರ ಫೆಬ್ರುವರಿಯಲ್ಲಿ ಅವನು ಫಿಲಡೆಲ್ಫಿಯ ಎಂಬ ಹಡಗಿನಲ್ಲಿ ಪರೀಕ್ಷೆಯನ್ನು ಮುಂದುವರಿಸಿದನು. ಈ ಸಲ ತಂತಿಯನ್ನು ಹಡಗಿನ ಸ್ತಂಭಕ್ಕೆ ಬಿಗಿಯಲಾಗಿತ್ತು, ಗ್ರಾಹಕವನ್ನು ಶ್ರುತಿಗೂಡಿಸಲಾಗಿತ್ತು. ರಾತ್ರಿಯ ವೇಳೆ 2,400 ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದ ಸಂದೇಶಗಳು ಕಾಗದದ ಪಟ್ಟಿಯ ಮೇಲೆ ತಾವಾಗಿ ಮುದ್ರಿತವಾದುವು. ಹಡಗಿನ ಕಪ್ತಾನನು ಆ ಪಟ್ಟಿಗೆ ಸಹಿ ಹಾಕಿದನು.

ಶ್ರುತಿ ಕೂಡಿದರೂ ಇನ್ನೊಂದು ಹೊಂದಿಕೆ ಅಗತ್ಯ. ಬಾವಿಯ ದಪ್ಪ ಹಗ್ಗಕ್ಕೆ ತೆಳುವಾದ ದಾರವನ್ನು ಗಂಟುಹಾಕಿ, ಒಂದು ತುದಿಯನ್ನು ಕೊಡವಿ ನೋಡಬಹುದು. ಹೊರಟ ಅಲೆಯ ಒಂದು ಭಾಗ ಗಂಟನ್ನು ದಾಟುತ್ತದೆ; ಉಳಿದ ಭಾಗ ಹಿಂದಿರುಗುತ್ತದೆ. ತಂತಿಯೂ ಗ್ರಾಹಕವೂ ಸೇರುವೆಡೆಯಲ್ಲಿ ಆಗುವುದೂ ಇದೇ. ಪರ್ಯಾಯ ವಿದ್ಯುತ್ತಿಗೆ ಒದಗುವ ಒಟ್ಟು ತಡೆಗೆ ಇಂಪೀಡೆನ್ಸ್ ಎಂದು ಹೆಸರು. ಅನೇಕ ಗ್ರಾಹಕಗಳಲ್ಲಿ ಇದು 50 ಓಮ್. ಉದ್ದ ತಂತಿಯ ತುದಿಯಲ್ಲಿ ಇದು 450 ಓಮ್ ಇದೆಯೆಂದು ಭಾವಿಸೋಣ. ಇವೆರಡನ್ನು ನೇರವಾಗಿ ಜೋಡಿಸಿದರೆ, ದೊರೆಯಬಹುದಾದ ಶಕ್ತಿಯಲ್ಲಿ ಶೇಕಡ 36 ಭಾಗ ಮಾತ್ರ ಗ್ರಾಹಕಕ್ಕೆ ಸಲ್ಲುವುದು. ಶೇಕಡ 64 ಭಾಗ ಸಲ್ಲದೆ ಹೋಗುವುದು.

ಈ ನಷ್ಟಕ್ಕೆ ಪರಿಹಾರ ಒಂದು ಪುಟ್ಟ ಪರಿವರ್ತಕ. ಫೆರೈಟ್ ಎಂಬ ಕಾಂತವಸ್ತುವಿನ ಉಂಗುರಕ್ಕೆ ಎರಡು ಸುರುಳಿಗಳನ್ನು ಸುತ್ತಬೇಕು. ತಂತಿಯ ಕಡೆಯ ಸುರುಳಿಯಲ್ಲಿ ಗ್ರಾಹಕದ ಕಡೆಯದರ ಮೂರರಷ್ಟು ಸುತ್ತುಗಳಿರಬೇಕು. ಆಗ ವೋಲ್ಟೇಜು ಮೂರನೆಯ ಒಂದು ಭಾಗಕ್ಕೆ ಇಳಿದು, ಪ್ರವಾಹವು ಮೂರು ಪಟ್ಟಾಗುವುದು. ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಬರುವುದೇ ತಡೆ. ಆದುದರಿಂದ ಅದು ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುವುದು. 450 ಓಮ್ ಎಂಬುದು ಗ್ರಾಹಕಕ್ಕೆ 50 ಓಮ್ ಆಗಿ ತೋರುವುದು.

ಆದರೆ ತಂತಿಯ ಗುಣ ಎಲ್ಲ ಆವೃತ್ತಿಗಳಲ್ಲಿಯೂ ಒಂದೇ ಅಲ್ಲ. 30 ಮೀಟರ್ ಉದ್ದದ ತಂತಿಯು 120 ಮೀಟರ್ ಅಲೆಗೆ ಕಾಲು ಭಾಗ. ಆಗ ತುದಿಯ ತಡೆ ಕೆಲವು ಹತ್ತು ಓಮ್‌ಗಳಷ್ಟೆ. ಅದೇ ತಂತಿಯು 60 ಮೀಟರ್ ಅಲೆಗೆ ಅರ್ಧ ಭಾಗ. ಆಗ ತಡೆ ಸಾವಿರಾರು ಓಮ್‌ಗಳಿಗೆ ಏರುವುದು. ಆದಕಾರಣ ಒಂದೇ ಪರಿವರ್ತಕವು ಎಲ್ಲ ಅಲೆಗಳಿಗೂ ತಕ್ಕುದಾಗದು. ನಿಖರವಾದ ಹೊಂದಿಕೆ ಬೇಕಾದವರು ಬದಲಿಸಬಲ್ಲ ಸುರುಳಿಯನ್ನೂ ಕಂಡೆನ್ಸರನ್ನೂ ಬಳಸುವರು; ತಂತಿಯೊಡನೆ ಒಳ್ಳೆಯ ಭೂಸಂಪರ್ಕವನ್ನೂ ಕಲ್ಪಿಸುವರು.

ಉದ್ದವಾದ ತಂತಿಯು ದೂರದ ಅಲೆಯನ್ನು ಹಿಡಿಯಬಲ್ಲುದು. ಹಿಡಿದುದನ್ನು ಹೆಚ್ಚು ನಷ್ಟವಿಲ್ಲದೆ ಗ್ರಾಹಕಕ್ಕೆ ಮುಟ್ಟಿಸುವುದು ಹೊಂದಿಕೆಯ ಕೆಲಸ.